ಸಂಪೂರ್ಣ ಗುಣಮುಖ

"ಹದಿನೇಳು ವರ್ಷ ಏನ್ ಮಾಡ್ತಿದ್ದೆ ಅಂತ ಬರೀಲವ್ವಾ?"

ಕದರಪ್ಪ ಕೀಬೋರ್ಡಿನ ಮೇಲೆ ಎರಡು ಬೆರಳು ಇಟ್ಟುಕೊಂಡು ಕಾಯುತ್ತಿದ್ದ. ಮಧುಗಿರಿಯ ತಾಲ್ಲೂಕು ಕಚೇರಿಯ ಎದುರು ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಹೋಗಬೇಕಾದಂಥ ಅಂಗಡಿ ಅವನದು. ಮೊದಲು ಟೈಪ್‌ರೈಟರು, ಈಗ ಕಂಪ್ಯೂಟರು. ಮೂವತ್ತು ವರ್ಷದಿಂದ ಸುತ್ತಲಿನ ಹಳ್ಳಿಯವರ ತಾಪತ್ರಯಗಳನ್ನೆಲ್ಲ ಕಚೇರಿಯ ಕನ್ನಡಕ್ಕೆ ಇಳಿಸುತ್ತ ಬಂದವನು. ಎದುರಿನ ಸ್ಟೂಲಿನ ಮೇಲೆ ಕೂತಿದ್ದ ಶಿವಲಕ್ಷ್ಮಿಗೆ ಮೂವತ್ತಾರು ವಯಸ್ಸು. ಪಿಯುಸಿ ಪಾಸಾಗಿದ್ದು ಹತ್ತೊಂಬತ್ತಕ್ಕೆ. ನಡುವಿನ ವರ್ಷಗಳು ಎಲ್ಲಿ ಹೋದವೆಂದು ಬಾಂಡ್ ಪೇಪರಿನ ಮೇಲೆ ಪ್ರಮಾಣ ಮಾಡಿ ಕೊಟ್ಟರೆ ಮಾತ್ರ ಬಿ.ಎ.ಗೆ ಸೇರಿಸಿಕೊಳ್ಳುತ್ತೇವೆ ಎಂದು ಮಧುಗಿರಿಯ ಕಾಲೇಜಿನಲ್ಲಿ ಹೇಳಿ ಕಳಿಸಿದ್ದರು.

"ಉಷಾರಿರ್ಲಿಲ್ಲ ಅಂತ ಬರೀರಿ."

"ಏನಾಗಿತ್ತು?"

ಅವಳು ರಸ್ತೆಯ ಕಡೆ ನೋಡಿದಳು. ಉತ್ತರ ಬಾರದ ಪ್ರಶ್ನೆಯನ್ನು ಕದರಪ್ಪ ಎರಡನೇ ಸಲ ಕೇಳುವವನಲ್ಲ. ಮದುವೆಯಾಗಿ ಓದು ಬಿಟ್ಟವರಿಗೆ ಒಂದು, ಗಾರ್ಮೆಂಟ್ಸಿಗೆ ಹೋದವರಿಗೆ ಒಂದು, ಕಾಯಿಲೆ ಬಿದ್ದವರಿಗೆ ಒಂದು ಎಂದು ಅವನ ಹತ್ತಿರ ಒಕ್ಕಣೆಗಳು ಸಿದ್ಧವಿದ್ದವು. ಮೂರನೆಯದನ್ನು ತೆಗೆದು ಹೆಸರು, ಊರು, ಇಸವಿ ತುಂಬಿ ಪ್ರಿಂಟ್ ಕೊಟ್ಟ. ಶಿವಲಕ್ಷ್ಮಿ ಓದಿದಳು. ಕೊನೆಯ ಸಾಲು ಹೀಗಿತ್ತು: 'ಪ್ರಸ್ತುತ ನಾನು ಸಂಪೂರ್ಣ ಗುಣಮುಖಳಾಗಿರುತ್ತೇನೆಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ.'

"ಇದು ಇರ್ಲೇಬೇಕಾ ಕದರಪ್ಪಣ್ಣ?"

"ಇಲ್ದಿದ್ರೆ ಸೇರಿಸ್ಕಂಡಾರೇನವ್ವ? ಕಾಯ್ಲೆ ಐತೆ ಅಂತ ಬರ್ದು ಅಲ್ಲಿಗೇ ಬುಟ್ಬುಟ್ರೆ, ಕ್ಲಾಸಾಗೆ ಬಿದ್‌ಗಿದ್ದಾಳು ಅಂತ ವಾಪಸ್ ಕಳಿಸ್ತಾರೆ. ಹಾಕವ್ವ ಸೈನು."

ಪಕ್ಕದ ನೋಟರಿಯ ಮುಂದೆ ಅವಳು ಸಹಿ ಹಾಕಿದಳು, ಸೀಲೂ ಬಿತ್ತು. ಹಾಕಿದ್ದಕ್ಕೆ ಕದರಪ್ಪನ ಮಾತೊಂದೇ ಕಾರಣ ಅಂದರೆ ಸುಳ್ಳಾಗುತ್ತದೆ. ಆ ಎರಡು ಪದ ಅವಳಿಗೆ ತುಂಬ ಇಷ್ಟವಾಗಿಬಿಟ್ಟಿದ್ದವು. ಮಿಡಿಗೇಶಿಯ ಹತ್ತಿರದ ತನ್ನೂರಿಗೆ ಬಸ್ಸಿನಲ್ಲಿ ಹೋಗುವಾಗ ಆ ಕಾಗದವನ್ನು ಎರಡು ಸಲ ಹೊರಗೆ ತೆಗೆದು ನೋಡಿಕೊಂಡಳು.

ಅವಳ ಕಾಯಿಲೆಗೆ ಊರಿನಲ್ಲಿ ಒಂದೊಂದು ಕಾಲಕ್ಕೆ ಒಂದೊಂದು ಹೆಸರಿತ್ತು. ಮೊದಲು ಗಾಳಿ ಅಂದರು, ಆಮೇಲೆ ಕೊಬ್ಬು ಅಂದರು, ಕೊನೆಗೆ ತಲೆ ಸರಿಯಿಲ್ಲ ಎಂದು ಸುಮ್ಮನಾದರು. ನಡೆಯುತ್ತಿದ್ದುದು ಇಷ್ಟೇ: ಯಾರೂ ಇಲ್ಲದ ಕಡೆಯಿಂದ ಅವಳಿಗೆ ಮಾತು ಕೇಳಿಸುತ್ತಿತ್ತು. ಒಂದು ಸಲ ಆ ಮಾತು ಕರೆಯಿತೆಂದು ಮನೆ ಬಿಟ್ಟು ಹೋದವಳು ಮೂರು ದಿನದ ಮೇಲೆ ಪಾವಗಡದ ಕಡೆ ನಿಡುಗಲ್ ಬೆಟ್ಟದ ಬುಡದಲ್ಲಿ ಸಿಕ್ಕಿದಳು. ಹುಡುಕಿ ಕರೆತಂದವನು ಅಣ್ಣ ಓಬಳರಾಜು. ಚಪ್ಪಲಿಯಿಲ್ಲದೆ ಊದಿಕೊಂಡಿದ್ದ ಅವಳ ಕಾಲುಗಳನ್ನು ನೋಡಿ ಅವನು ದಾರಿಯುದ್ದಕ್ಕೂ ಅತ್ತಿದ್ದನಂತೆ. ಅವಳಿಗೆ ನೆನಪಿಲ್ಲ.

ತಿಂಗಳಿಗೊಂದು ಮಂಗಳವಾರ ಮಧುಗಿರಿಯ ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರಲು ಶುರುವಾದ ಮೇಲೆ ಬದುಕು ಒಂದು ಹಳಿಗೆ ಬಂತು. ಮಾತ್ರೆ ಹಿಡಿಯಿತು. ಸರ್ಟಿಫಿಕೇಟ್ ಆಯಿತು, ಅಂಗವಿಕಲ ವೇತನ ಮಂಜೂರಾಯಿತು. ಊರಿನವರು ಅದನ್ನು 'ಶಿವಿ ಸಂಬ್ಳ' ಅನ್ನುತ್ತಿದ್ದರು. ಸಂಬಳವೋ ಗಿಂಬಳವೋ, ಕಾಲೇಜಿನ ಫೀಸು, ಪುಸ್ತಕ, ಮಧ್ಯಾಹ್ನದ ಊಟ ಎಲ್ಲ ಅದರಲ್ಲೇ ನಡೆಯಬೇಕಿತ್ತು. ಮೋಟಾರು ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದ ಓಬಳರಾಜು ಹಣ ಕೊಡುವ ಸ್ಥಿತಿಯಲ್ಲಿರಲಿಲ್ಲ. ಒಪ್ಪಿಗೆಯನ್ನೇನೋ ಕೊಟ್ಟ, ಒಂದು ಕರಾರು ಹಾಕಿ.

"ಹೋಗು. ಆದ್ರೆ ಆ ಸದ್ದು ಮತ್ತೆ ಕೇಳಿದ ದಿನ ಕಾಲೇಜು ಬಂದ್. ಇನ್ನೊಂದ್ಸಲ ಬೆಟ್ಟಬೆಟ್ಟ ಹುಡುಕೋ ಸಕ್ತಿ ನಂಗಿಲ್ಲ. ಈಗ ಏನೂ ಕೇಳಲ್ಲ ತಾನೆ?"

"ಇಲ್ಲಣ್ಣ," ಅಂದಿದ್ದಳು ಶಿವಲಕ್ಷ್ಮಿ.

ಸುಳ್ಳು. ಮೊದಲಿನಷ್ಟು ಇರಲಿಲ್ಲ, ಮೊದಲಿನ ಹಾಗೆ ಕರೆಯುತ್ತಿರಲಿಲ್ಲ. ಗೋಡೆಯಾಚೆ ಯಾರೋ ಮಾತಾಡಿಕೊಂಡ ಹಾಗೆ ಒಂದಿಷ್ಟು ಬಂದು ಹೋಗುತ್ತಿತ್ತು. ಡಾಕ್ಟರಿಗೆ ಮಾತ್ರ ಅದು ಗೊತ್ತು. "ಬಂದರೆ ಬರಲಿ, ನೀವು ಉತ್ತರ ಕೊಡಬೇಡಿ. ಮಾತ್ರೆ ಬಿಡಬೇಡಿ. ಓದಿ," ಅಂದಿದ್ದರು.

ಕಾಲೇಜಿನ ಮೊದಲ ದಿನ ಹಿಂದಿನ ಬೆಂಚಿನ ಹುಡುಗರು ಅವಳನ್ನು ನೋಡಿ ನಕ್ಕರು. ಮುಂದಿನ ಬೆಂಚಿನ ಭುವನಾ ಎಂಬ ಹುಡುಗಿ ಬ್ಯಾಗು ಸರಿಸಿ ಜಾಗ ಕೊಟ್ಟಳು. ಮೊದಲ ವಾರ ಆಂಟಿ ಅಂದಳು, ಎರಡನೆಯ ವಾರದಿಂದ ಅಕ್ಕ. ರಾತ್ರಿ ಮಾತ್ರೆಯ ಮಂಪರು ಮೊದಲ ಪೀರಿಯಡ್ಡಿನವರೆಗೂ ಬಿಡುತ್ತಿರಲಿಲ್ಲವಾದ್ದರಿಂದ ಇತಿಹಾಸದ ಪಾಠವೆಲ್ಲ ಶಿವಲಕ್ಷ್ಮಿಗೆ ಅರೆಬರೆ. ಕೈ ಸಣ್ಣಗೆ ನಡುಗಿ ಅಕ್ಷರ ಸೊಟ್ಟಗಾಗುತ್ತಿದ್ದವು. ಆದರೂ ಏಳು ನಲವತ್ತರ ಬಸ್ಸನ್ನು ಒಂದು ದಿನವೂ ತಪ್ಪಿಸಲಿಲ್ಲ. ಇಷ್ಟು ವರ್ಷ ತಾನು ಸುಮ್ಮನೆ ಹೊತ್ತು ಕಳೆದೆ ಎಂಬ ಕೊರಗು ಅವಳಿಗೆ ಬೆಳಿಗ್ಗೆ ಬಸ್ಸು ಹತ್ತುವಾಗ ಮಾತ್ರ ಮರೆಯುತ್ತಿತ್ತು.

ಎರಡು ತಿಂಗಳು ಕಳೆದು ಒಂದು ಗುರುವಾರ ಸಂಜೆ, ಗ್ರಾಮ ಆಡಳಿತಾಧಿಕಾರಿ ಅಂಜನ್ ಕುಮಾರ್ ವೇತನದವರ ಪಟ್ಟಿ ಹಿಡಿದುಕೊಂಡು ಮನೆ ಬಾಗಿಲಿಗೆ ಬಂದ. ಇಪ್ಪತ್ತಾರು ಇಪ್ಪತ್ತೇಳರ ಹುಡುಗ, ಮರ್ಯಾದಸ್ಥ. ವೇತನ ಪಡೆಯುವವರು ಬದುಕಿದ್ದಾರೋ ಇಲ್ಲವೋ ಎಂದು ವರ್ಷಕ್ಕೊಮ್ಮೆ ನೋಡಿ ಬರೆದುಕೊಂಡು ಹೋಗುವುದು ಅವನ ಕೆಲಸ. ಶಿವಲಕ್ಷ್ಮಿ ಇನ್ನೂ ಕಾಲೇಜಿನಿಂದ ಬಂದಿರಲಿಲ್ಲ.

"ಅವರ ಕಾಗದ ಏನಾದ್ರೂ ಇದ್ರೆ ಕೊಡಮ್ಮ," ಅಂದ.

ತಾಯಿ ಲಕ್ಷ್ಮಕ್ಕನಿಗೆ ಓದು ಬಾರದು. ಆದರೆ ಮನೆಯ ಕಾಗದಗಳ ಉಸ್ತುವಾರಿ ಪೂರ್ತಿ ಅವಳದೇ. ಸರ್ಕಾರದವರು ಬಂದಾಗ ಒಂದು ಕಾಗದ ಕಮ್ಮಿ ಬಿದ್ದರೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ ಎಂಬುದನ್ನು ಅನುಭವದಿಂದ ಕಲಿತವಳು, ಹೆಚ್ಚು ಬಿದ್ದರೆ ಏನಾಗುತ್ತದೆಂದು ಕಲಿತಿರಲಿಲ್ಲ. ಅಕ್ಕಿ ಡಬ್ಬದ ಹಿಂದಿನ ಪ್ಲಾಸ್ಟಿಕ್ ಕವರನ್ನು ಇಡಿಯಾಗಿ ತಂದು ಅಂಜನ್ ಕುಮಾರನ ತೊಡೆಯ ಮೇಲಿಟ್ಟಳು. ಆಧಾರು, ಪಾಸ್‌ಬುಕ್ಕು, ಆಸ್ಪತ್ರೆಯ ಚೀಟಿಗಳ ಜೊತೆಗೆ ಬಾಂಡ್ ಪೇಪರಿನ ಜೆರಾಕ್ಸೂ ಇತ್ತು.

"ಇದ ನೋಡಪ್ಪ. ಎಂಬತ್ತೋ ನೂರೋ ಕೊಟ್ಟು ಬರೆಸವ್ಳೆ, ಸೀಲೂ ಐತೆ," ಎಂದು ಲಕ್ಷ್ಮಕ್ಕ ಅದನ್ನೇ ಎತ್ತಿ ಮೇಲಿಟ್ಟಳು.

ಶಿವಲಕ್ಷ್ಮಿ ಬಂದಾಗ ಅಂಜನ್ ಕುಮಾರ್ ಜೆರಾಕ್ಸನ್ನು ಕೈಯಲ್ಲಿ ಹಿಡಿದು ಕೂತಿದ್ದ. ಅವನ ಮುಖ, ಓದದಿದ್ದರೇ ಚೆನ್ನಾಗಿತ್ತು ಅಂದುಕೊಳ್ಳುತ್ತಿದ್ದವನ ಮುಖದ ಹಾಗಿತ್ತು.

"ಅಕ್ಕಾ, ಸಂಪೂರ್ಣ ಗುಣಮುಖ ಅಂತ ನೋಟರಿ ಮುಂದೆ ಪ್ರಮಾಣ ಮಾಡಿದ್ದೀರಿ. ವೇತನ ಬರ್ತಿರೋದು ಗುಣ ಆಗಿಲ್ಲ ಅಂತ. ನೋಡಿದ ಮೇಲೆ ನೋಡಿಲ್ಲ ಅಂತ ನಾನು ಹೆಂಗೆ ಬರೀಲಿ? ಸೋಮವಾರ ಹತ್ತೂವರೆಗೆ ಮಿಡಿಗೇಶಿಯ ನಾಡಕಚೇರಿಗೆ ಬನ್ನಿ. ಮೇಡಮ್ಮು ನಿಮ್ಮ ಹೇಳಿಕೆ ತಗೋತಾರೆ. ಸಾಕ್ಷಿಗೆ ಮನೆಯವರೊಬ್ಬರು ಬೇಕು."

"ಗುಣ ಆಗೈತೆ ಅಂದ್ರೆ?"

"ವೇತನ ನಿಲ್ಲುತ್ತೆ."

"ಆಗಿಲ್ಲ ಅಂದ್ರೆ?"

"ಬರುತ್ತೆ. ಆದ್ರೆ ಏನು ತೊಂದ್ರೆ ಇದೆ ಅಂತ ವಿವರವಾಗಿ ಹೇಳ್ಬೇಕು."

ಅವನು ಹೋದ ಮೇಲೆ ಲಕ್ಷ್ಮಕ್ಕ ಗೋಡೆಗೆ ಒರಗಿ ಕೂತಳು. "ನಾನೇ ಕೈಯಾರ ಕೊಟ್ಬುಟ್ಟೆ ಕಣಮ್ಮ. ಸೀಲಿರೋದು ಒಳ್ಳೇ ಕಾಗ್ದ ಅಂದ್ಕಂಡೆ."

"ಒಳ್ಳೇ ಕಾಗ್ದಾನೇ ಅವ್ವ. ನೀನೇನ್ ಮಾಡಿಯೆ," ಅಂದಳು ಮಗಳು. ಅವಳ ಚಿಂತೆ ಬೇರೆ ಇತ್ತು. ಗುಣವಾಗಿದೆ ಅಂದರೆ ಹಣವಿಲ್ಲದೆ ಕಾಲೇಜು ನಿಲ್ಲುತ್ತದೆ. ಆಗಿಲ್ಲ ಎಂದು ಅಣ್ಣನ ಎದುರು ವಿವರವಾಗಿ ಹೇಳಿದರೆ ಅವನೇ ನಿಲ್ಲಿಸುತ್ತಾನೆ.

ಮರುದಿನ ಕಾಲೇಜು ಬಿಟ್ಟ ಮೇಲೆ ನೇರವಾಗಿ ಕದರಪ್ಪನ ಅಂಗಡಿಗೆ ಹೋದಳು. ಅವನು ಸಂಗತಿ ಕೇಳಿ ಕನ್ನಡಕ ಒರೆಸಿಕೊಂಡ. ಕದರಪ್ಪನ ಪಾಲಿಗೆ ಲೋಕದಲ್ಲಿ ಇನ್ನೊಂದು ಅಫಿಡವಿಟ್ಟಿನಿಂದ ಬಗೆಹರಿಯದ ಸಮಸ್ಯೆ ಇಲ್ಲ.

"ಇಷ್ಟೇ ತಾನೆ? ಇನ್ನೂ ಗುಣವಾಗಿರುವುದಿಲ್ಲ ಅಂತ ಒಂದು ಹೊಡ್ಕೊಡ್ತೀನಿ. ಕಾಲೇಜಿಗೆ ಅದು, ಅವ್ರಿಗೆ ಇದು. ಆ ಆಪೀಸ್ನೋರೂ ಈ ಆಪೀಸ್ನೋರೂ ಯಾವತ್ತಾರ ಒಂದೇ ತಟ್ಟೇಲಿ ಉಣ್ತಾರಾ?"

ಅವಳು ಅರೆಕ್ಷಣ ಒಪ್ಪಿಯೇಬಿಟ್ಟಿದ್ದಳು. ಅವನು ಟೈಪು ಮಾಡಲು ಶುರು ಮಾಡಿದಾಗ ಎದ್ದು ನಿಂತಳು.

"ಬ್ಯಾಡ ಕದರಪ್ಪಣ್ಣ."

"ಯಾಕವ್ವ? ನಿನ್ ಹತ್ರ ದುಡ್ಡು ಕೇಳಲ್ಲ ಬುಡು."

"ದುಡ್ಡಲ್ಲ. ಯಾವ್ ಮಾತು ದಿಟ, ಯಾವ್ದು ಸುಳ್ಳು ಅಂತ ಬೇರೆ ಮಾಡೋದ್ರಾಗೇ ನನ್ ಆಯಸ್ಸು ಕಳ್ದೋಯ್ತು. ಈಗ ನಾನೇ ಎರಡು ಮಾತು ಬರ್ದು ಎರಡಕ್ಕೂ ಸೈನಾಕಿದ್ರೆ, ನಾಳೆ ನಂಗೇ ಗೊತ್ತಾಗಲ್ಲ."

ಕದರಪ್ಪನಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೂ ಕೀಬೋರ್ಡಿನಿಂದ ಕೈ ತೆಗೆದ.

ಶನಿವಾರ ಕನ್ನಡ ಪಾಠ. ನಾಗಭೂಷಣ್ ಮೇಷ್ಟ್ರು ಸಮಾಸ ಹೇಳುತ್ತಿದ್ದರು. ಮುಕ್ಕಣ್ಣ ಎಂದರೆ ಮೂರು ಕಣ್ಣು ಉಳ್ಳವನು, ಹಣೆಗಣ್ಣ ಎಂದರೆ ಹಣೆಯಲ್ಲಿ ಕಣ್ಣುಳ್ಳವನು ಎಂದು ಅವರು ಬೋರ್ಡಿನ ಮೇಲೆ ಬಿಡಿಸಿ ಬರೆಯುತ್ತಿದ್ದಂತೆ ಅರ್ಧ ಕ್ಲಾಸು ಆಕಳಿಸುತ್ತಿತ್ತು. ಬೇರೆ ಉದಾಹರಣೆ ಕೊಡಿ ಅಂದರು. ಯಾರೂ ಕೊಡಲಿಲ್ಲ. ಎರಡು ತಿಂಗಳಲ್ಲಿ ಒಂದು ಸಲವೂ ಬಾಯಿ ಬಿಡದಿದ್ದ ಶಿವಲಕ್ಷ್ಮಿ ಎದ್ದು ನಿಂತಳು.

"ಸಾರ್, ಗುಣಮುಖ ಅನ್ನೋದು?"

ಮೇಷ್ಟ್ರು ಒಂದು ಗಳಿಗೆ ಯೋಚಿಸಿದರು. ಅವರಿಗೂ ಬೇಸರ ಕಳೆಯಿತೆಂದು ಕಾಣುತ್ತದೆ, ಸೀಮೆಸುಣ್ಣ ಹೊಸದು ತೆಗೆದುಕೊಂಡರು.

"ಗುಣದ ಕಡೆಗೆ ಮುಖ ಉಳ್ಳವರು ಯಾರೋ ಅವರು. ಅಂತರ್ಮುಖ, ಬಹಿರ್ಮುಖ ಇಲ್ಲವೆ, ಹಾಗೆ."

"ಗುಣ ಆಗಿರೋರು ಅಲ್ವಾ ಸಾರ್?"

"ಬಳಕೆಯಲ್ಲಿ ಹಾಗೇ ಆಗಿಹೋಗಿದೆಯಮ್ಮ, ಪೂರ್ತಿ ವಾಸಿ ಅಂತಲೇ ಬರೀತಾರೆ. ಆದರೆ ಪದ ಬಿಡಿಸಿ ನೋಡಿದರೆ ತಲುಪೋ ವಿಚಾರ ಇಲ್ಲ. ಬರೀ ಮುಖ ಮಾಡಿರೋದು ಅಷ್ಟೆ."

"ಸಂಪೂರ್ಣ ಗುಣಮುಖ ಅಂದ್ರೆ?"

"ಪೂರ್ತಿ ಆ ಕಡೆಗೇ ತಿರುಗಿಕೊಂಡಿದ್ದಾರೆ, ಹಿಂದಕ್ಕೆ ನೋಡ್ತಾ ಇಲ್ಲ ಅಂತ ಇಟ್ಕೊಳ್ಳೋಣ," ಎಂದು ಮೇಷ್ಟ್ರು ನಕ್ಕರು. ಕ್ಲಾಸೂ ನಕ್ಕಿತು. ಶಿವಲಕ್ಷ್ಮಿ ನಗಲಿಲ್ಲ. ಬೋರ್ಡಿನ ಮೇಲಿದ್ದುದನ್ನು ಹಾಗೆಯೇ ನೋಟ್ಸಿಗೆ ಇಳಿಸಿಕೊಂಡಳು.

ಸೋಮವಾರ ಹತ್ತೂವರೆಗೆ ಅಣ್ಣ ತಂಗಿ ಇಬ್ಬರೂ ಮಿಡಿಗೇಶಿಯ ಕಚೇರಿಯಲ್ಲಿ ಹಾಜರಿದ್ದರು. ಓಬಳರಾಜು ಅಂಗಡಿಯ ಬಾಗಿಲು ಅರ್ಧ ಎಳೆದು ಬಂದಿದ್ದ, ಕೈಗೆ ಅಂಟಿದ್ದ ಮೋಟಾರಿನ ವಾರ್ನಿಷ್ ಇನ್ನೂ ಹೋಗಿರಲಿಲ್ಲ. ತಂಗಿ ಹೆಗಲಿಗೆ ಕಾಲೇಜಿನ ಬ್ಯಾಗು ಹಾಕಿಕೊಂಡು ಬಂದದ್ದನ್ನು ಅವನು ಗಮನಿಸಿದ್ದ. ಕಚೇರಿಯ ಅಧಿಕಾರಿ ಪುಷ್ಪಾವತಿ, ರಿಟೈರಾಗಲು ಎರಡು ವರ್ಷವಿದ್ದ ಹೆಂಗಸು. ದಿನಕ್ಕೆ ಮೂವತ್ತು ಜನರ ಕತೆ ಕೇಳಿ ಕೇಳಿ ಪೀಠಿಕೆ ಕೇಳುವ ತಾಳ್ಮೆ ಕಳೆದುಕೊಂಡಿದ್ದರು.

"ಒಂದೇ ಮಾತಲ್ಲಿ ಹೇಳಮ್ಮ. ಗುಣ ಆಗಿದೆಯೋ, ಇಲ್ಲವೋ?"

"ಒಂದೇ ಮಾತಾಗೆ ಬರಲ್ಲ ಮೇಡಂ. ಒಂದು ಹಾಳೆ ಕೊಡ್ತೀರಾ? ನಾನೇ ಬರೀತೀನಿ."

ಹೇಳಿಕೆಯನ್ನು ಗುಮಾಸ್ತರು ಬರೆಯುವುದು, ಕೊಟ್ಟವರು ಕೆಳಗೆ ಹೆಬ್ಬೆಟ್ಟೋ ಸಹಿಯೋ ಒತ್ತುವುದು ಅಲ್ಲಿನ ರೂಢಿ. ಪುಷ್ಪಾವತಿ ಅಂಜನ್ ಕುಮಾರನ ಮುಖ ನೋಡಿದರು. "ಓದ್ತಾ ಇದಾರೆ ಮೇಡಂ, ಬಿ.ಎ.," ಅಂದ ಅವನು, ತಾನೇ ಓದಿಸಿದವನ ಹಾಗೆ. ಹಾಳೆ ಸಿಕ್ಕಿತು. ಶಿವಲಕ್ಷ್ಮಿ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು ಬರೆದಳು. ಎರಡು ಕಡೆ ಗೀಚು ಬಿತ್ತು. ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತು ಓಬಳರಾಜು ಬಾಗಿಲ ಹತ್ತಿರ ನಿಂತು ತಂಗಿಯ ಬಗ್ಗಿದ ತಲೆಯನ್ನೇ ನೋಡುತ್ತಿದ್ದ.

"ಇಲ್ಲಿ ಕೊಡು. ಸಾಕ್ಷಿ ಮುಂದೆ ಓದಿ ಹೇಳಬೇಕು, ಅದು ನಿಯಮ," ಎಂದು ಪುಷ್ಪಾವತಿ ಹಾಳೆಯನ್ನು ಅಂಜನ್ ಕುಮಾರನಿಗೆ ದಾಟಿಸಿದರು. ಅವನು ಗಂಟಲು ಸರಿಮಾಡಿಕೊಂಡು ಓದಿದ.

"'ಅಫಿಡವಿಟ್ಟಿನಲ್ಲಿರುವ ಸಂಪೂರ್ಣ ಗುಣಮುಖ ಎಂಬ ಮಾತು ನಾನು ಬರೆದದ್ದಲ್ಲ. ಆದರೆ ಓದಿ ಸಹಿ ಮಾಡಿದ್ದೇನೆ. ಅದರ ಅರ್ಥ ಗುಣದ ಕಡೆಗೆ ಪೂರ್ತಿ ಮುಖ ಮಾಡಿದವಳು ಎಂದು. ನಾನು ಮುಖ ಮಾಡಿದ್ದೇನೆ. ತಲುಪಿಲ್ಲ. ದಿನಾ ರಾತ್ರಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಆದರೂ ವಾರಕ್ಕೆ ಎರಡು ಮೂರು ಸಲ ಇಲ್ಲದ ಮಾತು ಕೇಳಿಸುತ್ತದೆ. ಕೇಳಿಸುವುದಿಲ್ಲ ಎಂದು ಮನೆಯಲ್ಲಿ ಸುಳ್ಳು ಹೇಳಿದ್ದೇನೆ.'"

ಅಂಜನ್ ಕುಮಾರ್ ತಲೆಯೆತ್ತಿ ಓಬಳರಾಜುವನ್ನು ನೋಡಿದ. "ಓದಪ್ಪ," ಅಂದರು ಪುಷ್ಪಾವತಿ.

"'ಏನಾದರೂ ಕೇಳಿಸಿದರೆ ನಾನು ಪಕ್ಕದಲ್ಲಿ ಇರುವವರ ಮುಖ ನೋಡುತ್ತೇನೆ. ಅವರೂ ತಿರುಗಿದರೆ ಅದು ನಿಜವಾದ ಸದ್ದು. ತಿರುಗದಿದ್ದರೆ ನನ್ನ ಕಾಯಿಲೆ. ಆಗ ಸುಮ್ಮನೆ ಇರುತ್ತೇನೆ, ಎದ್ದು ಹೋಗುವುದಿಲ್ಲ. ಕಾಲೇಜಿನಲ್ಲಿ ನನ್ನ ಪಕ್ಕ ಭುವನಾ ಎಂಬ ಹುಡುಗಿ ಕೂರುತ್ತಾಳೆ. ಅವಳ ಮುಖವನ್ನು ಹೀಗೆ ಉಪಯೋಗಿಸುತ್ತಿದ್ದೇನೆಂದು ಅವಳಿಗೆ ಗೊತ್ತಿಲ್ಲ. ಮೊದಲ ದಿನ ಹಿಂದೆ ನಗು ಕೇಳಿಸಿತು. ಅವಳೂ ತಿರುಗಿದಳು. ಹುಡುಗರು ನನ್ನನ್ನು ನೋಡಿ ನಿಜವಾಗಿಯೂ ನಗುತ್ತಿದ್ದರು. ನನಗೆ ಸಮಾಧಾನವಾಯಿತು. ನನಗೆ ವೇತನವೂ ಬೇಕು, ಕಾಲೇಜೂ ಬೇಕು. ಕಾಲೇಜು ಬಿಟ್ಟರೆ ನಾನು ಯಾವ ಕಡೆಗೆ ಮುಖ ಮಾಡಿ ಕೂರಬೇಕೋ ನನಗೆ ಗೊತ್ತಿಲ್ಲ.'"

ಫ್ಯಾನು ತಿರುಗುತ್ತಿತ್ತು. ಹೊರಗೆ ಜಾತಿ ಸರ್ಟಿಫಿಕೇಟಿಗೆ ಬಂದವರ ಸಾಲಿನಲ್ಲಿ ಯಾರೋ ಜಗಳವಾಡುತ್ತಿದ್ದರು. ಪುಷ್ಪಾವತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಡಾಕ್ಟರ ಹತ್ತಿರ ಈ ತಿಂಗಳ ಚೀಟಿ ಬರೆಸಿಕೊಂಡು ಬಾ. ಎರಡನ್ನೂ ಸೇರಿಸಿ ಮೇಲಕ್ಕೆ ಕಳಿಸ್ತೀನಿ. ಅಲ್ಲಿಂದ ಉತ್ತರ ಬರೋ ತನಕ ನಾನಂತೂ ನಿಲ್ಲಿಸಲ್ಲ. ಓದೋದು ಕಾಯಿಲೆ ವಾಸಿಯಾದವರ ಹಕ್ಕು ಅಂತ ಎಲ್ಲೂ ಬರೆದಿಲ್ಲ," ಅಂದರು. ಆಮೇಲೆ ಓಬಳರಾಜುವಿನ ಕಡೆ ತಿರುಗಿ, "ನೀನು ಸಾಕ್ಷಿ ತಾನೆ? ಬಾ, ಸಹಿ ಮಾಡು."

ಓಬಳರಾಜು ಬಂದು ಪೆನ್ನು ಹಿಡಿದ. ಹಾಳೆಯ ಮೇಲೆ ಕೈ ಇಟ್ಟುಕೊಂಡು ಎಷ್ಟು ಹೊತ್ತು ನಿಂತನೆಂದರೆ, ಇವನು ಹಾಕುವುದಿಲ್ಲ ಎಂದೇ ಶಿವಲಕ್ಷ್ಮಿ ಅಂದುಕೊಂಡಳು. ಹಾಕಿದ. ಪೆನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದ.

ಬಸ್ ಸ್ಟಾಪಿಗೆ ಹತ್ತು ನಿಮಿಷದ ದಾರಿ. ಅವನು ಮುಂದೆ, ಅವಳು ಹಿಂದೆ. ಅವನ ಬೆನ್ನು ನೋಡಿದರೆ ಸಿಟ್ಟೋ ದುಃಖವೋ ತಿಳಿಯುವಂತಿರಲಿಲ್ಲ. ಅರ್ಧ ದಾರಿಯಲ್ಲಿ ನಿಂತ.

"ನಿಡುಗಲ್ ಕಡೀಕ್ ಹೋದ್ಯಲ್ಲ, ಅವತ್ತು ಪಕ್ಕದಾಗೆ ನಾನಿದ್ದಿದ್ರೆ ಹೋಗ್ತಿರ್ಲಿಲ್ವೇನೆ?"

"ಅವಾಗ ಮುಖ ನೋಡ್ಬೇಕು ಅಂತ ಗೊತ್ತಿರ್ಲಿಲ್ಲಣ್ಣ."

ಓಬಳರಾಜು ತಲೆಯಾಡಿಸಿದ. ಟವೆಲಿನಿಂದ ಮುಖ ಒರೆಸಿಕೊಂಡು ಮತ್ತೆ ನಡೆದ. ಕಾಲೇಜು ಬಂದ್ ಎಂಬ ಮಾತು ಈಗ ಬಂತು, ಇನ್ನೇನು ಬಂತು ಎಂದು ಅವಳು ಕಾಯುತ್ತಲೇ ಇದ್ದಳು. ಬರಲಿಲ್ಲ. ಹೋಗು ಎಂಬ ಮಾತೂ ಬರಲಿಲ್ಲ.

ಸ್ಟಾಪಿಗೆ ಬಂದಾಗ ಅವಳಿಗೆ ಯಾವ ಬದಿ ನಿಲ್ಲಬೇಕೆಂದು ತೋಚಲಿಲ್ಲ. ರಸ್ತೆಯ ಈ ಬದಿಗೆ ನಿಂತರೆ ಊರಿನ ಬಸ್ಸು, ಆ ಬದಿಗೆ ನಿಂತರೆ ಮಧುಗಿರಿಯದು. ಕೇಳುವ ಧೈರ್ಯವಾಗದೆ ಊರಿನ ಬದಿಯಲ್ಲೇ, ಹುಣಸೆಮರದ ನೆರಳಿನಲ್ಲಿ ನಿಂತಳು. ಓಬಳರಾಜು ಎರಡು ಮಾರು ಆಚೆ ನಿಂತು ಬೀಡಿ ಹಚ್ಚಿದ. ರಸ್ತೆ ಖಾಲಿ ಇತ್ತು.

ತಿರುವಿನಾಚೆ ಎಲ್ಲೋ ಒಂದು ಸದ್ದಾಯಿತು. ಹಾರನ್ನಿನ ಹಾಗಿತ್ತು, ಯಾರೋ ಕೂಗಿದ ಹಾಗೂ ಇತ್ತು. ಅವಳು ಅಭ್ಯಾಸಬಲದಿಂದ ಅಣ್ಣನ ಮುಖ ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ.

"ಕೇಳ್ತು ಕಣೆ," ಅಂದ ಓಬಳರಾಜು. "ನಂಗೂ ಕೇಳ್ತು. ಬಸ್ಸು."

ಬೀಡಿ ಎಸೆದು, ರಸ್ತೆ ದಾಟಿ, ಮಧುಗಿರಿಯ ಬದಿಯಲ್ಲಿ ನಿಂತುಕೊಂಡು, ಬಸ್ಸು ಇನ್ನೂ ಕಣ್ಣಿಗೆ ಬೀಳುವ ಮೊದಲೇ ಅವನು ಕೈ ಅಡ್ಡ ಹಿಡಿದ.